ಗೋಡೆ ನೋಡುವ ಅಭಿಮಾನಿ

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಸೂಜಿ ಚುಚ್ಚುವ ನಮ್ಮ ಅತ್ತಿಗೆಯ ಕೈ ನಡುಗಿದ್ದನ್ನು ಯಾರೂ ಕಂಡಿಲ್ಲ. ಆದರೆ ಟೀವಿಯಲ್ಲಿ ಅವರ ಮೆಚ್ಚಿನ ಸ್ಕೇಟಿಂಗ್ ಹುಡುಗಿ ಮಂಜುಗಡ್ಡೆಯ ಮೇಲೆ ಜಿಗಿಯಲು ಹೊರಟಳೆಂದರೆ ಸರಕ್ಕನೆ ಗೋಡೆಯ ಕಡೆ ತಿರುಗಿಬಿಡುತ್ತಾರೆ. "ನಿಂತ್ಲಾ?" ಎಂದು ಗೋಡೆಯನ್ನೇ ಕೇಳುತ್ತಾರೆ. "ನಿಂತ್ಲು ಕಣೇ, ತಿರುಗು," ಎನ್ನುವುದು ನಮ್ಮಣ್ಣನ ಕೆಲಸ. ಮನೆಯ ಬೇರೆಲ್ಲ ಕೆಲಸ ತಪ್ಪಿಸಿಕೊಳ್ಳುವ ಅವನು ಇದೊಂದನ್ನು ತಪ್ಪಿಸಿದವನಲ್ಲ. ಆ ಹುಡುಗಿಗೆ ಹೆಸರಿದ್ದರೂ ಅತ್ತಿಗೆಯ ಬಾಯಲ್ಲಿ ಅವಳು "ನಮ್ಮವಳು". ನಮ್ಮವಳಿಗೆ ಮಂಡಿ ನೋವೆಂದು ಸುದ್ದಿ ಬಂದರೆ ಇವರು ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಾರೆ. ನಮ್ಮವಳು ಕೋಚ್ ಬದಲಾಯಿಸಿದಾಗ, "ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದು ವಾರವಿಡೀ ಮುಖ ಊದಿಸಿಕೊಂಡಿದ್ದರು. ಅಂಕ ಕಡಿಮೆಯಾದರೆ, "ಆ ತೀರ್ಪುಗಾರರು ನನ್ನ ಕೈಗೆ ಸಿಗ್ಲಿ, ನರ ಸಿಗ್ತಿಲ್ಲ ಅಂತ ನಾಲ್ಕು ಕಡೆ ಚುಚ್ತೀನಿ," ಎಂದು ಹಲ್ಲು ಕಡಿಯುತ್ತಾರೆ. ತಾವು ಮಾತ್ರ, ಫ್ರಿಜ್ಜಿನ ಐಸು ಒಂದು ಚೂರು ನೆಲಕ್ಕೆ ಬಿದ್ದರೂ ದೂರದಿಂದ ಬಳಸಿಕೊಂಡು ಹೋಗುವವರು. ಮೊನ್ನೆಯ ಸ್ಪರ್ಧೆಯಲ್ಲಿ ಗೋಡೆ "ನಿಂತ್ಲಾ?" ಎಂಬ ಪ್ರಶ್ನೆ ಕೇಳಿಸಿಕೊಂಡಿತು; ಅಣ್ಣ ಮಾತಾಡಲಿಲ್ಲ. ಅತ್ತಿಗೆ ಎದ್ದುಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದರು. ಮರುದಿನ ನೋಡಿದರೆ, ಅವಳು ಬಿದ್ದ ಅದೇ ತುಣುಕನ್ನು ಮೊಬೈಲಿನಲ್ಲಿ ಹಾಕಿಕೊಂಡು, ರೆಪ್ಪೆ ಮಿಟುಕಿಸದೆ ಮತ್ತೆ ಮತ್ತೆ ನೋಡುತ್ತಿದ್ದಾರೆ. "ಅವಳು ಗೆದ್ದಾಗ್ಲೂ ನೀವು ಜಿಗಿತ ನೋಡಿಲ್ಲ. ಇದನ್ಯಾಕೆ ನೋಡ್ತೀರಾ ಅತ್ತಿಗೆ?" ಎಂದೆ. ಅವರು ತಲೆಯೆತ್ತಲಿಲ್ಲ. "ಈಗ ಗೊತ್ತಲ್ಲ," ಎಂದರು, "ಏಳ್ತಾಳೆ ಅಂತ."