ಯೋಚನೆ ಮಾಡುವ ಕಾರು

ಈ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಮೊದಲಿನ ಹಾಗೆ ಹಸಿ ಪೆಟ್ರೋಲಿನ ವಾಸನೆ ಬರಲಿಲ್ಲ. ಬಾರದ ವಾಸನೆಯಿಂದ ನೆನಪು ಶುರುವಾಗುತ್ತದೆಯೇ ಎಂದು ನೀವು ಕೇಳಬಹುದು. ನನಗೆ ಶುರುವಾಯಿತು.

ನಂಗಲಿಯಲ್ಲಿ ನಮ್ಮ ಗೇಟು ತೆರೆದರೆ ನೇರವಾಗಿ ರಸ್ತೆ. ಟೊಮೆಟೊ ಲಾರಿಗಳು ಕೋಲಾರದ ಕಡೆಗೆ ಓಡುವ ಹೊತ್ತಿಗೇ ನಾನು ಮುಳಬಾಗಿಲಿನ ಕೆಲಸಕ್ಕೆ ಹೊರಡಬೇಕು. ಚಳಿಗಾಲದಲ್ಲಿ ನನ್ನ ಕಾರು ಸ್ಟಾರ್ಟೇನೋ ಆಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಮಾತ್ರ, ಹುಡುಗಿ ಒಪ್ಪಿಗೆಯೇ ಎಂದು ಕೇಳಿಸಿಕೊಂಡ ವರನ ಹಾಗೆ ತಡವರಿಸಿ, ಅರ್ಧ ಗೇಟಿನೊಳಗೆ, ಅರ್ಧ ರಸ್ತೆಯಲ್ಲಿ ನಿಂತುಬಿಡುತ್ತಿತ್ತು.

ಆಗ ಪಕ್ಕದ ಮನೆಯಿಂದ ಅಣ್ಣ ಬರುತ್ತಿದ್ದ. ಸ್ವಂತ ಅಣ್ಣ. ನಾವು ಮಾತು ಬಿಟ್ಟು ವರ್ಷಗಳಾಗಿದ್ದವು. ಕಾರಣ, ನನ್ನ ನೆನಪಿನಲ್ಲಿ, ಬಾವಿಯ ಮೋಟರು. ನನ್ನ ಹೆಂಡತಿಯ ನೆನಪಿನಲ್ಲಿ, ಯಾವುದೋ ಮದುವೆಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಏಳಿಸದೇ ಇದ್ದದ್ದು. ಎರಡನ್ನೂ ನಂಬಬೇಡಿ. ಅಣ್ಣ ರಸ್ತೆ ಮಧ್ಯೆ ನಿಂತು, ಹೆಗಲ ಮೇಲಿನ ಕೆಂಪು ಟವಲು ಎತ್ತಿ ಲಾರಿ ನಿಲ್ಲಿಸುತ್ತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ.

“ರವಷ್ಟು ನಿಲ್ಸಪ್ಪಾ. ಕಾರು ಯೋಚ್ನೆ ಮಾಡ್ತಾ ಐತೆ.”

“ಏಮಿ ಆಲೋಚನ?” ಎಂದು ಒಮ್ಮೆ ಆಂಧ್ರದ ಡ್ರೈವರ್ ಕೇಳಿದ.

“ಓನರ್ ಬುದ್ಧಿನೇ ಬಂದೈತೆ ಅದಕ್ಕೆ.”

ಅದು ನನ್ನ ಬಗ್ಗೆ ಅವನಾಡಿದ ಮಾತು. ಮಾತು ಬಿಟ್ಟವರಿಗೆ ಅಷ್ಟು ಸಾಕಾಗುತ್ತದೆ.

ಹೋದ ವಾರ ಮುಳಬಾಗಿಲಿನ ಮೆಕ್ಯಾನಿಕ್ ಸಲೀಂ ಸ್ಟೀರಿಂಗ್ ಕೆಳಗೆ ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ನೋಡಿದ. “ಇಂಜಿನ್‌ಗೇನೂ ಆಗಿಲ್ಲ ಸಾರ್. ಚಳೀಲಿ ಎಷ್ಟು ಪೆಟ್ರೋಲ್ ಬಿಡ್ಬೇಕು ಅಂತ ಇದರ ಕಂಪ್ಯೂಟರ್‌ಗೆ ಸರಿಯಾಗಿ ಗೊತ್ತಿಲ್ಲ. ಹೊಸ ಪ್ರೋಗ್ರಾಂ ಹಾಕ್ಬಿಡ್ತೀನಿ,” ಎಂದ. ನನ್ನ ಟೀ ಆರುವಷ್ಟರಲ್ಲಿ ಕಾರಿನ ಸಂಕೋಚ ಹೋಯಿತು.

ಮರುದಿನ ಸಲೀಸಾಗಿ ರಸ್ತೆಗಿಳಿದೆ. ಕನ್ನಡಿಯಲ್ಲಿ ಅಣ್ಣ ಕಂಡ, ಟವಲು ಅರ್ಧಕ್ಕೆ ಎತ್ತಿ ನಿಂತಿದ್ದ. ಆಮೇಲೆ ಅವನು ಹೊರಗೆ ಬರಲೇ ಇಲ್ಲ. ಕಾರಿನ ತಡವರಿಕೆಯ ಜೊತೆ ಅಣ್ಣ ಬರುವುದೂ ರಿಪೇರಿಯಾಗಿ ಹೋಗಿತ್ತು.

ಸಲೀಂಗೆ ಫೋನ್ ಮಾಡಿ, ಹಳೇ ಪ್ರೋಗ್ರಾಮನ್ನೇ ವಾಪಸ್ ಹಾಕಲು ಆಗುತ್ತದೆಯೇ ಎಂದು ಕೇಳಿದೆ.

“ಹಾಕ್ಬೌದು ಸಾರ್,” ಎಂದ. ಆಮೇಲೆ, “ಮನೇಲಿ ಎಲ್ಲಾ ಚೆನ್ನಾಗಿದಾರಾ?” ಎಂದ.

ಹಳೇ ಪ್ರೋಗ್ರಾಂ ಹಾಕಿಸಲು ನಾಚಿಕೆಯಾಯಿತು. ಹಾಗಾಗಿ ಈ ಬೆಳಿಗ್ಗೆ, ಚೆನ್ನಾಗಿಯೇ ಓಡುತ್ತಿದ್ದ ಕಾರನ್ನು ಗೇಟಿನಿಂದ ಅರ್ಧ ಆಚೆ ತಂದು, ಕೀಲಿ ತಿರುಗಿಸಿ ಆಫ್ ಮಾಡಿದೆ. ಲಾರಿಯೊಂದು ಬೈಯುವ ಹಾಗೆ ಹಾರನ್ ಹೊಡೆಯಿತು. ಅಣ್ಣನ ಮನೆಯ ಬಾಗಿಲು ತೆರೆಯಿತು. ಅವನು ಬಂದು ಟವಲು ಎತ್ತಿದ. ಈ ಸಲ ಟವಲು ಕೆಂಪಲ್ಲ, ಹಸಿರಾಗಿತ್ತು.

ಲಾರಿ ನಿಂತ ಮೇಲೆ ನನ್ನ ಕಿಟಕಿಗೆ ಬಗ್ಗಿ, ಕೀಲಿ ನೋಡಿದ.

“ರಿಪೇರಿ ಮಾಡಿಸ್ದ್ಯಂತಲ್ಲೋ?”

“ಮಾಡಿಸ್ದೆ ಅಣ್ಣ.”

“ಮತ್ತೆ ಇದೇನ್ಲಾ?”

“ಈಗ ನಾನು ಯೋಚ್ನೆ ಮಾಡ್ತಾ ಇದೀನಿ.”

ಅಣ್ಣ ಮುಖದಲ್ಲಿ ಏನೂ ತೋರಿಸದೆ ಲಾರಿಯತ್ತ ತಿರುಗಿದ.

“ನೀನು ಪಕ್ಕದಾಗೆ ಹೋಗ್ಬಿಡಪ್ಪಾ. ಇದಕ್ಕೆ ಹೊತ್ತು ಹಿಡಿತೈತೆ.”