ಎಂಟನೇ ನಂಬರಿನ ಅಂಗಿ

ಎಂಟರ ಎಡಗಡೆ ಕೆಸರು ಮೆತ್ತಿಕೊಂಡರೆ ಅದು ಮೂರಾಗುತ್ತದೆ. ಹುಬ್ಬಳ್ಳಿಯ ಎರೆಮಣ್ಣಿಗೆ ಇದು ಕಷ್ಟದ ಕೆಲಸವಲ್ಲ. ಧಾರವಾಡದ ಕೆಂಪು ಮಣ್ಣು ಒಣಗಿದ ಮೇಲೆ ಕೊಡವಿದರೆ ಉದುರುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಎರೆಮಣ್ಣು ಹಾಗಲ್ಲ, ಒಮ್ಮೆ ಹಿಡಿದದ್ದನ್ನು ಬಿಡುವುದಿಲ್ಲ. ಮೇ ತಿಂಗಳ ಮಳೆಯಲ್ಲಿ ಹತ್ತು ನಿಮಿಷ ಆಡಿದವನ ಬೆನ್ನ ಮೇಲೆ ಅದು ತನಗೆ ಬೇಕಾದ ಅಂಕಿಯನ್ನು ಬರೆಯಬಲ್ಲದು.

ಇಂಥ ವಿಷಯ ನನಗೆ ಗೊತ್ತಿರುವುದಕ್ಕೆ ಕಾರಣ ನಮ್ಮ ಸೋಮು ಕಾಕಾ. ನಾನು ಫುಟ್‌ಬಾಲ್ ಆಡಿದವಳಲ್ಲ. ಚೆಂಡು ನನ್ನ ಕಡೆ ಬಂದರೆ ಇವತ್ತಿಗೂ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಕೊಡುತ್ತೇನೆ. ಆದರೆ ಗೋಪನಕೊಪ್ಪದಲ್ಲಿ ಕಾಕಾನ ಮನೆಯಲ್ಲಿದ್ದುಕೊಂಡು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಪಾಠ ಹೇಳುವವಳು ನಾನು, ಸಂಬಳಕ್ಕೆ ಆಡುವ ಸಣ್ಣ ಕ್ಲಬ್ಬೊಂದರ ಮ್ಯಾನೇಜರ್ ಕಾಕಾ. ಯಾರು ಎಷ್ಟು ನಿಮಿಷ ಆಡಿದರು, ಯಾರಿಗೆ ಹಳದಿ ಕಾರ್ಡು ಬಿತ್ತು ಎಂದು ಬರೆದಿಡುವ ಕೆಲಸ ಹೀಗೆ ನನ್ನ ಪಾಲಿಗೆ ಬಂತು. ಅಂಗಿ ಒಗೆಯುವ ಕೆಲಸವೂ ಬಂತು. ಎರೆಮಣ್ಣಿನ ಬಟ್ಟೆಯನ್ನು ನೇರ ಮಷಿನ್ನಿಗೆ ಹಾಕುವಂತಿಲ್ಲ, ಮೊದಲು ಬಕೆಟ್ಟಿನಲ್ಲಿ ನೆನೆಸಿ ತಿಕ್ಕಬೇಕು. ಇದರ ಜೊತೆಗೆ ಕಾಕಾನ ಹೆಂಡತಿ ಕಾಕುವಿನದೊಂದು ಕಾನೂನಿದೆ. ಆಡಿದವನದಿರಲಿ, ಆಡದವನದಿರಲಿ, ಹದಿನೆಂಟೂ ಅಂಗಿ ಪ್ರತಿಸಲ ಒಟ್ಟಿಗೇ ನೀರು ಕಾಣಬೇಕು. ಇಲ್ಲದಿದ್ದರೆ ಸೀಜನ್ ಮುಗಿಯುವ ಹೊತ್ತಿಗೆ ಒಬ್ಬೊಬ್ಬನದು ಒಂದೊಂದು ನೀಲಿಯಾಗುತ್ತದೆ.

ಈ ವರ್ಷ ನಮ್ಮ ಕ್ಲಬ್ಬು ಎರಡನೇ ದರ್ಜೆಯ ಲೀಗಿನಲ್ಲಿ ಮೂರನೇ ಸ್ಥಾನಕ್ಕೆ ಬಂದು ನಿಂತಿತು. ಮೂರನೇ ಸ್ಥಾನದಷ್ಟು ಹಿಂಸೆಯ ಜಾಗ ಇನ್ನೊಂದಿಲ್ಲ. ಮೊದಲ ಎರಡು ತಂಡಗಳು ನೇರವಾಗಿ ಮೇಲಿನ ದರ್ಜೆಗೆ ಹೋಗುತ್ತವೆ. ಮೂರರಿಂದ ಆರರವರೆಗಿನ ನಾಲ್ಕು ತಂಡಗಳು ಉಳಿದ ಒಂದೇ ಒಂದು ಜಾಗಕ್ಕೆ ಮತ್ತೆ ಹೊಡೆದಾಡಬೇಕು, ಸೋತವರು ಅಲ್ಲಿಗೇ ಮನೆಗೆ. ಇದಕ್ಕೆ ಪ್ಲೇ-ಆಫ್ ಎನ್ನುತ್ತಾರೆ. ನಮಗೆ ಎದುರಾದದ್ದು ಆರನೇ ಸ್ಥಾನದ ತಂಡ. ಅವರಿಗಿಂತ ಹನ್ನೊಂದು ಅಂಕ ಮುಂದಿದ್ದೆವು. ಆ ಹನ್ನೊಂದು ಅಂಕಗಳಿಗೆ ನಮಗೆ ಸಿಕ್ಕ ಮರ್ಯಾದೆಯೆಂದರೆ ಪಂದ್ಯ ನಮ್ಮ ಮೈದಾನದಲ್ಲಿ, ಅಷ್ಟೆ.

ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದಗುಳು ಹಿಚುಕಿದರೆ ಸಾಕು ಎನ್ನುತ್ತಾರೆ. ನಮ್ಮ ಗುರುಗಳು ಮಾದರಿ ಸಮೀಕ್ಷೆಯ ಪಾಠವನ್ನು ಈ ಅಗುಳಿನಿಂದಲೇ ಶುರು ಮಾಡುತ್ತಿದ್ದರು. ಪಾತ್ರೆಯ ಅಕ್ಕಿಯೆಲ್ಲ ಒಂದೇ ಬೆಂಕಿಯ ಮೇಲೆ, ಒಂದೇ ನೀರಿನಲ್ಲಿ ಕುದಿದಾಗ ಮಾತ್ರ ಈ ಮಾತು ನಿಜ ಎಂದು ಸ್ವಲ್ಪ ತಡೆದು ಸೇರಿಸುತ್ತಿದ್ದರು. ಪ್ಲೇ-ಆಫ್ ಕಂಡುಹಿಡಿದವರು ಮೊದಲನೆಯ ವಾಕ್ಯ ಕೇಳಿ ಎದ್ದುಹೋದ ವಿದ್ಯಾರ್ಥಿಗಳಿರಬೇಕು ಎಂದು ನನಗೆ ಬಹಳ ಸಲ ಅನ್ನಿಸಿದೆ. ಎಂಟು ತಿಂಗಳ ಆಟವನ್ನು ಒಂದು ಮಧ್ಯಾಹ್ನ ಹಿಚುಕಿ ನೋಡುವುದು ಯಾವ ಶಾಸ್ತ್ರ? ಹಾಗೆ ಬೈಯುತ್ತಲೇ ಪ್ರತಿ ವರ್ಷ ಹೊರದೇಶದ ಪ್ಲೇ-ಆಫ್‌ಗಳನ್ನು ಟಿವಿಯಲ್ಲಿ ಕೊನೆಯವರೆಗೂ ನೋಡುತ್ತೇನೆ. ನೋಡಿ ನೋಡಿ ಒಂದು ಸಂಗತಿ ಗುರುತಿಸಿದ್ದೇನೆ: ಲೀಗಿನಲ್ಲಿ ಸೋತವರು ನಡೆದುಕೊಂಡು ಹೊರಗೆ ಹೋಗುತ್ತಾರೆ, ಪ್ಲೇ-ಆಫ್‌ನಲ್ಲಿ ಸೋತವರು ಇದ್ದಲ್ಲೇ ಕುಳಿತುಬಿಡುತ್ತಾರೆ. ಯಾವ ದೇಶದವರಾದರೂ ಅಷ್ಟೆ.

ಎಂಟನೇ ನಂಬರು ಫಕೀರಪ್ಪಣ್ಣನದು. ಮುಗದ ಎಂಬ ಊರಿನವರು, ವಯಸ್ಸು ಮೂವತ್ತಾರು, ನಮ್ಮ ಕ್ಯಾಪ್ಟನ್. ಮೈದಾನದ ನಡುವೆ ನಿಂತು, ಹೊಲದ ಬದುವಿನ ಮೇಲೆ ನಿಂತವರ ಹಾಗೆ, ಯಾರು ಎಲ್ಲಿಗೆ ಹೋಗಬೇಕೆಂದು ಕೈಯಲ್ಲೇ ಹೇಳುವವರು. ಮೇಲಿನ ದರ್ಜೆಯಲ್ಲಿ ಒಂದು ದಿನವೂ ಆಡಿದವರಲ್ಲ. ತಂಡ ಮೇಲೆ ಹೋದರೆ ಅವರಿಗೆ ಇನ್ನೊಂದು ವರ್ಷದ ಕರಾರು, ಇಲ್ಲವಾದರೆ ಆಟ ಮುಗಿಯಿತು ಎಂದು ಕ್ಲಬ್ಬು ಮೊದಲೇ ಹೇಳಿತ್ತು. ಮೂರನೇ ನಂಬರು ಮಾರುತಿಯದು. ಕಮರಿಪೇಟೆಯ ಟೇಲರ್ ಒಬ್ಬರ ಮಗ, ಇಪ್ಪತ್ತೆರಡರ ಡಿಫೆಂಡರ್. ಮಗನ ಆಟವನ್ನು ಒಮ್ಮೆಯೂ ನೋಡಿರದ ಅವನ ತಂದೆ, ಪ್ಲೇ-ಆಫ್ ದಿನ ಅಂಗಡಿ ಮುಚ್ಚಿ ಬರುತ್ತೇನೆಂದು ಮಾತು ಕೊಟ್ಟಿದ್ದರು.

ಲೀಗಿನ ಕೊನೆಯ ಪಂದ್ಯ ಭಾನುವಾರ ಮಳೆಯಲ್ಲಿ ನಡೆಯಿತು. ನಾಲ್ಕೈದು ಜನ ಒಬ್ಬರ ಮೇಲೊಬ್ಬರು ಬಿದ್ದ ಗದ್ದಲದಲ್ಲಿ ಫಕೀರಪ್ಪಣ್ಣ ಎದುರಿನವನ ಅಂಗಿ ಹಿಡಿದೆಳೆದದ್ದನ್ನು ನಾನು ಕಂಡೆ. ರೆಫ್ರಿ ಗುಂಪಿನ ಮೇಲೆ ಹಳದಿ ಕಾರ್ಡು ಎತ್ತಿ, ಕೆಸರು ಮೆತ್ತಿದ ಬೆನ್ನು ನೋಡಿ ಏನೋ ಬರೆದುಕೊಂಡರು. ನಾನು ನನ್ನ ವಹಿಯಲ್ಲಿ ಪೆನ್ಸಿಲ್ಲಿನಿಂದ ಎಂಟು ಎಂದು ಬರೆದೆ. ಸೋಮವಾರ ಲೀಗಿನ ವರದಿ ಫೋನಿಗೆ ಬಂತು. ಅದರಲ್ಲಿ ಮೂರು ಎಂದಿತ್ತು. ಫಕೀರಪ್ಪಣ್ಣನಿಗೂ ಮಾರುತಿಗೂ ಅದಕ್ಕೆ ಮೊದಲೇ ಎರಡೆರಡು ಕಾರ್ಡು ಬಿದ್ದಿದ್ದವು, ಮೂರನೆಯದು ಬಿದ್ದವನು ಮುಂದಿನ ಪಂದ್ಯ ಆಡುವಂತಿಲ್ಲ. ಮುಂದಿನ ಪಂದ್ಯವೆಂದರೆ ಶನಿವಾರದ ಪ್ಲೇ-ಆಫ್.

ಕಾಕಾನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನನ್ನ ವಹಿಯನ್ನೂ ಫೋನನ್ನೂ ಎರಡೆರಡು ಸಲ ನೋಡಿದರು.

"ರೆಫ್ರಿ ಬರದದ್ದು ಖರೇ, ನೀ ಬರದದ್ದು ಪೆನ್ಸಿಲ್," ಎಂದರು. "ಫಕೀರಪ್ಪ ಇಲ್ಲಂದ್ರ ನಮ್ಮ ಟೀಮು ಗಾಲಿ ಇಲ್ಲದ ಚಕ್ಕಡಿ. ದೇವರು ತಾನಾಗಿ ಕೊಟ್ಟದ್ದನ್ನ ವಾಪಸ್ ಕಳಸಬ್ಯಾಡವಾ."

ಕಾಕಾ ಕೆಟ್ಟವರಲ್ಲ. ಮಾರುತಿಗೆ ಅವರೇ ಫೋನು ಮಾಡಿ ಸಮಾಧಾನ ಹೇಳಿದರು. ಅವನು ಏನೂ ವಾದಿಸಲಿಲ್ಲವಂತೆ. ಅಪ್ಪನಿಗೆ ಅಂಗಡಿ ಮುಚ್ಚುವುದು ಬೇಡವೆಂದು ಹೇಳಿಬಿಡುತ್ತೇನೆ ಎಂದನಂತೆ.

ಆ ಒಂದು ಮಾತು ಕೇಳದೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಹಾಗೆಂದು ನಂಬಲು ನನಗೆ ಇಷ್ಟ, ಆದರೆ ಖಾತ್ರಿಯಿಲ್ಲ. ನನ್ನ ಗುಣ ನನಗೆ ಗೊತ್ತು. ಎರಡು ಕಾಗದಗಳಲ್ಲಿ ಎರಡು ಅಂಕಿ ಇದ್ದರೆ ನನಗೆ ಊಟ ರುಚಿಸುವುದಿಲ್ಲ. ಕಾಲೇಜಿನಲ್ಲಿ ಹಾಜರಿ ಪುಸ್ತಕದ ಮೊತ್ತ ಹೊಂದಲಿಲ್ಲವೆಂದು ಒಂದಿಡೀ ಕ್ಲಾಸನ್ನು ಮರಳಿ ಕರೆಸಿದವಳು ನಾನು. ಅದನ್ನು ಪ್ರಾಮಾಣಿಕತೆ ಎಂದು ಕರೆಯುವವರಿದ್ದಾರೆ, ಚಟ ಎಂದು ಕರೆಯುವವರೂ ಇದ್ದಾರೆ. ಇಬ್ಬರನ್ನೂ ನಾನು ತಿದ್ದಲು ಹೋಗುವುದಿಲ್ಲ.

ತಪ್ಪು ನಂಬರು ಬಿದ್ದಿದ್ದರೆ ವರದಿ ಬಂದ ಎರಡು ದಿನದೊಳಗೆ ಲೀಗಿಗೆ ಪತ್ರ ಬರೆಯಬಹುದು, ಅದಕ್ಕೆ ಕ್ಯಾಪ್ಟನ್ನಿನ ಸಹಿ ಬೇಕು. ಅಂದರೆ ತನ್ನನ್ನು ಹೊರಗೆ ಕೂರಿಸುವ ಪತ್ರಕ್ಕೆ ಫಕೀರಪ್ಪಣ್ಣನೇ ಸಹಿ ಹಾಕಬೇಕು. ಮಂಗಳವಾರ ಸಂಜೆ ಪ್ರ್ಯಾಕ್ಟೀಸ್ ಮುಗಿದ ಮೇಲೆ ಪತ್ರ ಹಿಡಿದುಕೊಂಡು ಅವರ ಹತ್ತಿರ ಹೋದೆ. ಅವರು ಕಟ್ಟೆಯ ಮೇಲೆ ಕುಳಿತು ಬೂಟಿನ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದರು. ಪತ್ರ ಓದಿದರು. ನೀವು ಸಹಿ ಹಾಕದಿದ್ದರೆ ನಾನು ಯಾರ ಮುಂದೂ ಬಾಯಿ ಬಿಡುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು.

"ಅಂಗಿ ಜಗ್ಗಿದ ಕೈ ನಂದರೀ ಅಕ್ಕಾರ, ನನಗ ಗೊತ್ತಿಲ್ಲೇನು?" ಎಂದರು. ಬಹಳ ಹೊತ್ತು ಬೂಟು ಕೆರೆದರು. "ಎರಡು ದಿನ ಆತು, ಯಾರರೆ ಕೇಳ್ತಾರೇನಂತ ನೋಡಿದ್ನಿ. ಯಾರೂ ಕೇಳಲಿಲ್ಲ. ಕೇಳೂದು ಬ್ಯಾಡಾಂತನೂ ಅನಸ್ತಿತ್ತು."

ಕಡ್ಡಿ ಬಿಸಾಡಿ ಬೂಟು ಪಕ್ಕಕ್ಕಿಟ್ಟರು.

"ನೀವೂ ಹೇಳೂದಿಲ್ಲ, ನಾನೂ ಹೇಳೂದಿಲ್ಲ. ಆದ್ರ ಆಡೂ ಮುಂದ ಎಡಕ್ಕ ನೋಡಿದ್ರ ಆ ಹುಡುಗ ಇರೂದಿಲ್ಲಲ್ರೀ. ಅಲ್ಲಿ ಯಾರಿಗೆ ಬಾಲು ಕೊಡಲಿ?"

ಪೆನ್ನು ಕೇಳಿ ಸಹಿ ಹಾಕಿದರು. ಕಾಗದದ ಅಂಚಿಗೆ ಹೆಬ್ಬೆರಳಿನ ಮಣ್ಣು ಹತ್ತಿತು. ಅದನ್ನು ನೋಡಿ ಸ್ವಲ್ಪ ನಕ್ಕು, ಸಹಿಯ ಜೊತೆ ಹೆಬ್ಬೆಟ್ಟೂ ಆಯಿತು, ಇನ್ನು ಯಾರೂ ಇಲ್ಲವೆನ್ನುವಂತಿಲ್ಲ ಎಂದರು.

ಲೀಗಿನವರು ತಿದ್ದುಪಡಿ ಒಪ್ಪಿಕೊಂಡರು. ಕಾಕಾ ನನ್ನ ಜೊತೆ ಮಾತು ಬಿಟ್ಟರು. ಚಹಾ ಬೇಕಿದ್ದರೂ ಕಾಕುವಿನ ಕಡೆ ತಿರುಗಿ, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಕೇಳುತ್ತಿದ್ದರು.

ಶನಿವಾರ ಮಳೆ ಇರಲಿಲ್ಲ, ಆದರೆ ಮೈದಾನ ಇನ್ನೂ ಹಸಿಯಾಗಿತ್ತು. ಮಾರುತಿಯ ತಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ನನ್ನ ಪಕ್ಕದಲ್ಲೇ ಕುಳಿತರು. ಅರ್ಧ ಗಂಟೆ ಗಂಭೀರವಾಗಿ ನೋಡಿ, "ಗೋಲು ಹೊಡಿಯೂದು ಆ ಕಡೆ, ನಮ್ಮ ಹುಡುಗನ್ನ ಯಾಕ ಈ ಕಡೆ ಓಡಸಾಕತ್ತಾರ?" ಎಂದು ಕೇಳಿದರು. ಡಿಫೆಂಡರ್ ಎಂದರೇನೆಂದು ತಿಳಿಸಿಕೊಟ್ಟೆ. ಕಾವಲು ಕಾಯುವವನು ಎಂದು ತಿಳಿದು ಅವರಿಗೆ ಸಮಾಧಾನವಾಯಿತು. ಮಾರುತಿ ಅವತ್ತು ಚೆನ್ನಾಗಿ ಆಡಿದ. ನನ್ನ ವಹಿಯಲ್ಲಿ ಅವನ ಹೆಸರಿನ ಮುಂದೆ ಒಂದು ತಪ್ಪೂ ಇಲ್ಲ.

ಗೋಲು ಬಿದ್ದದ್ದು ಎಂಬತ್ತೊಂದನೇ ನಿಮಿಷಕ್ಕೆ, ಮತ್ತು ಅದು ಬಂದದ್ದು ಮೈದಾನದ ನಡುವಿನಿಂದ. ಎಲ್ಲಿ ಫಕೀರಪ್ಪಣ್ಣ ನಿಂತಿರುತ್ತಿದ್ದರೋ ಸರಿಯಾಗಿ ಅಲ್ಲಿಂದ. ಎದುರಾಳಿಯೊಬ್ಬ ಚೆಂಡು ಹಿಡಿದು ತಲೆಯೆತ್ತಿ ನೋಡಿ, ಯಾರೂ ಇಲ್ಲವೆಂದು ತನಗೇ ಆಶ್ಚರ್ಯವಾದಂತೆ ಒಂದು ಕ್ಷಣ ನಿಂತು, ಮುಂದಕ್ಕೆ ಒದ್ದ. ಇದನ್ನು ಬೇರೆ ಯಾರಾದರೂ ಬರೆದಿದ್ದರೆ ಮೆದು ಮಾಡಿ ಬರೆಯುತ್ತಿದ್ದರೇನೋ. ನಾನು ಜಾಗವನ್ನೂ ನಿಮಿಷವನ್ನೂ ಬರೆದೆ. ಆಮೇಲೆ ಮತ್ತೆ ಗೋಲು ಆಗಲಿಲ್ಲ. ಆರನೆಯವರು ಮುಂದಕ್ಕೆ ಹೋದರು, ನಮ್ಮ ಹನ್ನೊಂದು ಅಂಕಗಳು ಅಲ್ಲಿಗೇ ಮುಗಿದವು.

ಸೀಟಿ ಊದಿದಾಗ ನಮ್ಮವರೆಲ್ಲ ಇದ್ದಲ್ಲೇ ಕುಳಿತರು, ಟಿವಿಯಲ್ಲಿ ಕಂಡ ಹಾಗೆಯೇ. ತೊಂಬತ್ತು ನಿಮಿಷ ಗೆರೆಯಾಚೆ ಕುಳಿತಿದ್ದ ಫಕೀರಪ್ಪಣ್ಣ ಒಬ್ಬರೇ ಎದ್ದರು. ಚಪ್ಪಲಿ ಗೆರೆಯ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಿ, ಒಬ್ಬೊಬ್ಬರನ್ನಾಗಿ ಕಂಕುಳಿಗೆ ಕೈಹಾಕಿ ಎಬ್ಬಿಸಿದರು. ಮಾರುತಿ ಏಳಲು ಒಪ್ಪಲಿಲ್ಲ. ಅವನ ಬಳಿ ಮಾತ್ರ ತಾವೂ ಸ್ವಲ್ಪ ಹೊತ್ತು ಆ ಕೆಸರಿನಲ್ಲಿ ಕುಳಿತರು. ಏನು ಹೇಳಿದರೋ ನಮಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ದೂರದಲ್ಲಿ ನಾನು ಇರದಿದ್ದದ್ದು ಒಳ್ಳೆಯದೇ ಆಯಿತು.

ಮನೆಗೆ ಬರುವ ದಾರಿಯಲ್ಲಿ ಕಾಕಾ ಮೂರ್ನಾಲ್ಕು ದಿನಗಳ ಮೌನ ಮುರಿದರು. "ನಿನ್ನ ಪೆನ್ಸಿಲ್ ನಮ್ಮನ್ನ ಸೋಲಿಸ್ತು ನೋಡವಾ," ಎಂದರು. ಹೌದು ಎಂದೆ.

ಒಂದಗುಳಿನ ಮಾತನ್ನು ನಾನು ಆಮೇಲೆ ಬಹಳ ಯೋಚಿಸಿದೆ. ಆ ಮಧ್ಯಾಹ್ನ ನಮ್ಮ ತಂಡದ ಎಂಟು ತಿಂಗಳನ್ನು ತೂಗಲಿಲ್ಲ, ಅದು ನಿಜ. ಆದರೆ ಮಂಗಳವಾರ ಸಂಜೆ, ಕಟ್ಟೆಯ ಮೇಲೆ, ಒಂದಗುಳು ಹಿಚುಕಿ ನೋಡಿದ್ದಾಗಿತ್ತು. ಅನ್ನ ಬೆಂದಿತ್ತು. ಅದಕ್ಕೆ ಯಾವ ಲೀಗೂ ಬಡ್ತಿ ಕೊಡುವುದಿಲ್ಲ.

ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಅಂಗಿಗಳ ಚೀಲ ಸುರುವಿದೆ. ಮೂರನೇ ನಂಬರಿನದು ಕೆಸರಿನಿಂದ ಹಲಗೆಯಂತೆ ಸೆಟೆದಿತ್ತು. ಎಂಟನೇ ನಂಬರಿನದರ ಮಡಿಕೆ ಬಿಚ್ಚಿರಲಿಲ್ಲ, ಹೋದ ಸಲದ ಸೋಪಿನ ವಾಸನೆ ಇನ್ನೂ ಇತ್ತು. ಅದನ್ನು ಬಿಚ್ಚಿ ಉಳಿದವುಗಳ ಜೊತೆಗೇ ಬಕೆಟ್ಟಿನಲ್ಲಿ ಅದ್ದಿದೆ. ನೀರು ಕಪ್ಪಾಯಿತು. ಅದರಲ್ಲಿ ಯಾರ ಮಣ್ಣು ಎಷ್ಟೆಂದು ನಾನು ಬರೆದಿಡಲಿಲ್ಲ.