ಘಾಟು ಬಾರದ ಮೆಣಸಿನಕಾಯಿ

ಸೆಕೆಯ ಮಧ್ಯಾಹ್ನದಲ್ಲೂ ತಮ್ಮನ ಮುಂಗೈಯ ಕೂದಲು ನೆಟ್ಟಗೆ ನಿಂತಿತ್ತು. ಅವನು ಹೆರಾಯಿನ್ ನಿಲ್ಲಿಸಿ ಒಂದು ದಿನವಾಗಿತ್ತು. ನಾವು ಖಾನಾಪುರದಲ್ಲಿ ಅತ್ತೆಯ ಮನೆಯಲ್ಲಿದ್ದೆವು. ಬೆಳಗಾವಿಯ ಡಾಕ್ಟರು ನಾಲಿಗೆಯಡಿ ಇಡುವ ಗುಳಿಗೆ ಕೊಟ್ಟಿದ್ದರು. ಮೈ ಮುಳ್ಳೆದ್ದು, ಆಕಳಿಕೆ, ಕಣ್ಣೀರು ಶುರುವಾಗುವವರೆಗೆ ಕೊಡಬೇಡಿ, ಬೇಗ ಕೊಟ್ಟರೆ ಸಂಕಟ ಹೆಚ್ಚುತ್ತದೆ ಎಂದಿದ್ದರು. ಹಾಗಾಗಿ ಅವನ ನರಳಾಟ ಬೆಳೆಯಲಿ ಎಂದು ಕಾಯುತ್ತ ಕುಳಿತಿದ್ದೆ.

ಅವನು ಆಕಳಿಸಿದ. ಮತ್ತೆ ಮತ್ತೆ ಆಕಳಿಸಿದ. ಕಣ್ಣಲ್ಲಿ ನೀರಿಳಿಯಿತು.

“ನೋಡವಾ, ಹೆಂಗ ಆಕಳಸಾಕತ್ತಾನ! ದೃಷ್ಟಿ ಆಗೈತಿ,” ಎಂದು ಅತ್ತೆ ಉಪ್ಪು, ಒಣಮೆಣಸಿನಕಾಯಿ ತಂದರು.

ನಾನು ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಗುಳಿಗೆಯನ್ನು ಅವನ ನಾಲಿಗೆಯಡಿ ಇಟ್ಟೆ. “ಕರಗೂತನಕ ಮಾತಾಡಬ್ಯಾಡ.”

“ದೃಷ್ಟಿ ತಗಿಯೂಮುಂದೂ ಮಾತಾಡಬಾರದು. ನಿಮ್ಮ ಡಾಕ್ಟರಗೂ ಗೊತ್ತೈತಿ ನೋಡು!” ಎಂದರು ಅತ್ತೆ.

ಅಗಲವಾಗಿದ್ದ ಅವನ ಕಪ್ಪು ಪಾಪೆಗಳು ಅತ್ತೆಯ ಮುಷ್ಟಿಯ ಜೊತೆ ಸುತ್ತಿದವು. ಮೆಣಸಿನಕಾಯಿಗಳು ಕೆಂಡದಲ್ಲಿ ಸುಟ್ಟು ಕರಿಯಾದವು. ದೃಷ್ಟಿ ತಾಕಿದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ. ಘಾಟು ಬರಲಿಲ್ಲ. ಯಾರೂ ಕೆಮ್ಮಲಿಲ್ಲ.

ಸಂಜೆಗೆ ಅವನ ಕೈಯ ಕೂದಲು ಮಲಗಿತು, ಅವನೂ ಮಲಗಿದ.

ಮರುದಿನ ಬೆಳಿಗ್ಗೆ ಅವನಿಗೆ ಗುಳಿಗೆ ಕೊಟ್ಟೆ. ಆಮೇಲೆ ಅತ್ತೆ ನಿನ್ನೆ ಮೆಣಸಿನಕಾಯಿ ತೆಗೆದಿದ್ದ ಡಬ್ಬಿಯಿಂದಲೇ ಒಂದನ್ನು ತೆಗೆದು, ಯಾರಿಗೂ ನಿವಾಳಿಸದೆ ಕೆಂಡಕ್ಕೆ ಹಾಕಿದೆ. ಘಾಟಿಗೆ ಉಸಿರುಕಟ್ಟಿ, ಕೆಮ್ಮುತ್ತ ಹಿತ್ತಲಿಗೆ ಓಡಿದೆ.